ಬಸಿದ ನೀರು

ಮೊದಲು ಬಿಗಿಯಾದದ್ದು ಸುನಂದಾಳ ಕಾಲುಂಗುರ. ಸಾಬೂನು ಹಚ್ಚಿ ಎಳೆದರೂ ಬರಲಿಲ್ಲ. ಮೈ ಬಂದಿದೆ ನಿನಗೆ ಎಂದು ನಾನು ಚೇಷ್ಟೆ ಮಾಡಿದೆ. ಹದಿನೈದು ದಿನದಲ್ಲಿ ಅವಳ ಮುಖವೂ ಊದಿಕೊಂಡಿತು. ಕಲಬುರಗಿಯ ಡಾಕ್ಟರು ಕ್ರಿಯಾಟಿನಿನ್ ರಿಪೋರ್ಟನ್ನು ಎರಡು ಸಲ ಓದಿ, ನನ್ನೊಬ್ಬನನ್ನೇ ಹೊರಗೆ ಕರೆದರು.

ನನ್ನ ಹೆಂಡತಿಯ ಎರಡೂ ಕಿಡ್ನಿ ಕೈಕೊಟ್ಟಿದ್ದವು.

ಅಂದಿನಿಂದ ನಮ್ಮ ವಾರಕ್ಕೆ ಎರಡೇ ದಿನ, ಮಂಗಳವಾರ ಮತ್ತು ಶನಿವಾರ. ಜೇವರ್ಗಿಯಿಂದ ಬೆಳಗಿನ ಬಸ್ಸು, ಭೀಮಾ ಸೇತುವೆ, ಡಯಾಲಿಸಿಸ್ ವಾರ್ಡಿನಲ್ಲಿ ನಾಲ್ಕು ತಾಸು, ಮತ್ತೆ ಬಸ್ಸು. ನನ್ನ ಝೆರಾಕ್ಸ್ ಅಂಗಡಿ ಆ ಎರಡು ದಿನ ಮುಚ್ಚಿರುತ್ತದೆ. ಯಾರದೇ ಮದುವೆ ಇರಲಿ, ಸಾವು ಇರಲಿ, ಮಂಗಳವಾರದೊಳಗೆ ವಾಪಸು ಬರಬೇಕು. ಒಲೆಯ ಮುಂದೆ ನಿಂತರೆ ಅವಳಿಗೆ ತಲೆ ಸುತ್ತುತ್ತಿತ್ತು, ಹಾಗಾಗಿ ಅಡುಗೆ ನನ್ನ ಪಾಲಿಗೆ ಬಂತು. ಅಡುಗೆಯವನಿಗಿಂತ ಹೆಚ್ಚಾಗಿ ನಾನು ಪೊಲೀಸನಾದೆ. ನೀರು ಅಳತೆ ಮಾಡಿ ಕೊಡುತ್ತಿದ್ದೆ. ಆಲೂಗಡ್ಡೆ, ಬಾಳೆಹಣ್ಣು, ಗೆಣಸು ಮನೆಯೊಳಗೆ ಬರದಂತೆ ಕಾಯುತ್ತಿದ್ದೆ. ಅವುಗಳಲ್ಲಿರುವ, ರಕ್ತದಲ್ಲಿ ಏರಿದರೆ ಎದೆಬಡಿತವನ್ನೇ ನಿಲ್ಲಿಸುವ ಪೊಟ್ಯಾಸಿಯಂ ಎಂಬುದನ್ನು ಕಣ್ಣಿಂದ ನೋಡದೆಯೇ ಅದಕ್ಕೆ ಹೆದರುವುದನ್ನು ಕಲಿತೆ.

ಅವಳು ತಟ್ಟೆಯ ಮುಂದೆ ಸುಮ್ಮನೆ ಕೂರುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಹೀಗೆ ಒಂದು ವರ್ಷ ಕಳೆದ ಮೇಲೆ ಅವಳ ತಮ್ಮ ಬಸಣ್ಣ ಬಂದ. ಅವನು ಲಾರಿ ಡ್ರೈವರ್. ಕೇರಳದ ಕಡೆಯಿಂದ ಬರುವಾಗ ಅರ್ಧ ಚೀಲ ಮರಗೆಣಸು ತಂದಿದ್ದ. ಮಣ್ಣು ಮೆತ್ತಿದ, ಮೊಳಕೈ ಉದ್ದದ ಬೇರುಗಳು. ನಮ್ಮ ಕಡೆ ಇದು ಸಾಬೂದಾಣಿ, ಅಂದರೆ ಸಬ್ಬಕ್ಕಿಯಾಗಿ ಮಾತ್ರ ಅಡುಗೆಮನೆಗೆ ಬರುತ್ತದೆ, ಇಡೀ ಬೇರನ್ನು ನಾನು ನೋಡಿದ್ದೇ ಮೊದಲು. ಸುನಂದಾ ಒಂದು ಬೇರನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಕೆಳಗೆ ಇಡಲಿಲ್ಲ.

ಇದನ್ನು ಅವಳಿಗೆ ಕೊಡಬಹುದೇ ಎಂದು ಶನಿವಾರ ವಾರ್ಡಿನಲ್ಲಿ ಕೇರಳದ ಸಿಸ್ಟರನ್ನು ಕೇಳಿದೆ. ಅವರು ನಕ್ಕರು, ಡಾಕ್ಟರನ್ನು ಕೇಳಿ ಬಂದರು, ಆಮೇಲೆ ನಿಧಾನವಾಗಿ ಹೇಳಿಕೊಟ್ಟರು. ಹಸಿಯಾಗಿ ಬಾಯಿಗೆ ಹಾಕಬಾರದು, ಅದರಲ್ಲಿ ವಿಷ ಇರುತ್ತದೆ. ಮೇಲಿನ ಕಂದು ಸಿಪ್ಪೆಯ ಜೊತೆ ಒಳಗಿನ ದಪ್ಪ ಸಿಪ್ಪೆಯನ್ನೂ ತೆಗೆಯಬೇಕು. ಸಣ್ಣಗೆ ಹೆಚ್ಚಿ, ನಡುವಿನ ನಾರು ಕಿತ್ತು, ನೆನೆಸಬೇಕು. ಆ ನೀರು ಚೆಲ್ಲಬೇಕು. ಬಹಳ ನೀರಿಟ್ಟು ಕುದಿಸಬೇಕು, ಆ ನೀರನ್ನೂ ಚೆಲ್ಲಬೇಕು. ಇಷ್ಟೆಲ್ಲ ಆದ ಮೇಲೆ ಇವರಿಗೆ ನಾಲ್ಕು ತುಂಡು ಮಾತ್ರ.

ಮನೆಗೆ ಬಂದು ಹಾಗೆಯೇ ಮಾಡಿದೆ. ನೆನೆಸಿದ ನೀರು ಚೆಲ್ಲಿದೆ. ಕುದಿಸಿ ಬಸಿದಾಗ ಪಾತ್ರೆಯಲ್ಲಿ ಬೆಳ್ಳಗೆ, ಗಟ್ಟಿಯಾಗಿ, ಬೇಳೆಯ ಕಟ್ಟಿನ ಹಾಗೆ ನೀರು ನಿಂತಿತ್ತು. ಬೇಳೆ ಬಸಿದ ಕಟ್ಟನ್ನು ನಮ್ಮ ಮನೆಯಲ್ಲಿ ಯಾರೂ ಚೆಲ್ಲಿದವರಲ್ಲ. ಅದರಿಂದಲೇ ಸಾರು. ಪಾತ್ರೆ ಬಚ್ಚಲಿನವರೆಗೆ ಹೋಯಿತು, ಕೈ ಬಗ್ಗಲಿಲ್ಲ. ಕೆಟ್ಟದ್ದೆಲ್ಲ ಮೊದಲ ನೀರಿನಲ್ಲೇ ಹೋಗಿರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಆ ನೀರಿಗೆ ಬೆಳ್ಳುಳ್ಳಿ, ಜೀರಿಗೆ ಒಗ್ಗರಣೆ ಕೊಟ್ಟು ಸಾರು ಮಾಡಿದೆ.

ಆ ರಾತ್ರಿ ಅವಳು ಅನ್ನಕ್ಕೆ ಎರಡು ಸಲ ಸಾರು ಹಾಕಿಸಿಕೊಂಡಳು. ಭಾನುವಾರವೂ ಮರಗೆಣಸು ಕುದಿಸಿದೆ, ಸೋಮವಾರವೂ ಕುದಿಸಿದೆ. ತುಂಡು ಎಣಿಸಿ ನಾಲ್ಕೇ ಕೊಟ್ಟೆ. ಸಾರನ್ನು ಬಟ್ಟಲು ತುಂಬ ಕೊಟ್ಟೆ.

ಸೋಮವಾರ ಮಧ್ಯಾಹ್ನ ಹೊಸ್ತಿಲು ದಾಟಲು ಅವಳ ಕಾಲು ಏಳಲಿಲ್ಲ.

ತುಟಿ ಜುಮ್ಮೆನ್ನುತ್ತಿದೆ ಎಂದಳು. ಆಂಬ್ಯುಲೆನ್ಸಿನಲ್ಲಿ ಅವಳ ನಾಡಿ ಹಿಡಿದು ಕೂತೆ. ಒಂದು ಬಡಿತ ಆದ ಮೇಲೆ ಇನ್ನೊಂದು ಬರುತ್ತದೋ ಇಲ್ಲವೋ ಎಂದು ಕಾಯುವಷ್ಟು ನಿಧಾನವಾಗಿತ್ತು ಅದು. ಇಸಿಜಿ ನೋಡಿದ ಡಾಕ್ಟರು ಇಂಜೆಕ್ಷನ್ ಕೊಡಿಸಿ, ನೇರ ಡಯಾಲಿಸಿಸ್‌ಗೆ ಹಾಕಿಸಿದರು. ಪೊಟ್ಯಾಸಿಯಂ ಬಹಳ ಏರಿದೆ, ಏನು ತಿಂದರು ಎಂದು ಕೇಳಿದರು. ನಾಲ್ಕೇ ತುಂಡು ಎಂದೆ. ಪಕ್ಕದಲ್ಲಿ ಸಿಸ್ಟರ್ ನಿಂತಿದ್ದರು.

"ಅಣ್ಣಾ, ಕುದಿಸಿದ ನೀರು ಏನ್ ಮಾಡಿದ್ರಿ?"

ನಾನು ತಲೆ ತಗ್ಗಿಸಿದೆ. ಪೊಟ್ಯಾಸಿಯಂ ಇಳಿಯುವುದು ಆ ನೀರಿಗೇ ಎಂದು ಹೇಳಿ ಅವರು ಒಳಗೆ ಹೋದರು.

ನಾಲ್ಕು ತಾಸು ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ವರ್ಷವಿಡೀ ಒಂದೊಂದು ಗುಟುಕಿಗೂ ಅವಳನ್ನು ಗದರಿದವನು ನಾನು. ಕೊನೆಗೆ ವಿಷ ಬಡಿಸಿದವನೂ ನಾನೇ. ಎದ್ದು ಓಡಿಹೋಗಬೇಕು ಎನಿಸಿತು, ಅದನ್ನು ಮುಚ್ಚಿಡುವುದಿಲ್ಲ. ಓಡಿಹೋಗಲಿಲ್ಲ, ಅಷ್ಟೇ.

ರಾತ್ರಿ ಅವಳ ಮುಖಕ್ಕೆ ಸ್ವಲ್ಪ ಬಣ್ಣ ಬಂದ ಮೇಲೆ ಹೇಳಿದೆ. "ತಪ್ಪು ನಂದು. ಆ ನೀರು ಚೆಲ್ಲಬೇಕಿತ್ತು."

"ನನಗ ಗೊತ್ತಿತ್ರಿ," ಎಂದಳು. "ಸಿಸ್ಟರ್ ಹೇಳೋ ಮುಂದ ನಾನೂ ಅಲ್ಲೇ ಮಲಗಿದ್ದೆ."

ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರ ನೀವು ಚೆಲ್ಲಿ ಬಿಡ್ತಿದ್ರಿ. ವರ್ಷ ಆತು, ನೀವು ನೋಡಿ ಕೊಟ್ಟಿದ್ದಷ್ಟ ತಿಂದೇನಿ. ಇದೊಂದಾದ್ರೂ ನಾನಾಗೇ ಉಣ್ಣಬೇಕು ಅನಿಸ್ತು."

ಸಿಟ್ಟು ನೆತ್ತಿಗೇರಿತು. ಸತ್ತಿದ್ದರೆ ಎಂದು ಕೇಳಬೇಕೆಂದಿದ್ದೆ. ಅವಳು ತೂಗುಬಿದ್ದ ಸಲೈನ್ ನಳಿಕೆಯನ್ನೇ ನೋಡುತ್ತಿದ್ದಳು. ಸಿಕ್ಕಿಹಾಕಿಕೊಂಡವನು ನಾನೊಬ್ಬನೇ ಎಂದು ವರ್ಷವಿಡೀ ನಂಬಿದ್ದೆ. ಅವಳೂ ಸಿಕ್ಕಿಹಾಕಿಕೊಂಡಿದ್ದ ಆ ಮನೆಗೆ ಬೀಗ ಹಾಕಿ ಕಾಯುತ್ತಿದ್ದವನೇ ನಾನು ಎಂಬುದು ಅಂದು ತಿಳಿಯಿತು.

ಎರಡು ತಿಂಗಳ ಮೇಲೆ ಬಸಣ್ಣ ಮತ್ತೆ ಬಂದ, ಕೈಯಲ್ಲಿ ಎರಡೇ ಬೇರು. ವಾಪಸು ಕಳಿಸಲು ನಾನು ಬಾಯಿ ತೆರೆಯುವ ಮೊದಲೇ ಸುನಂದಾ ಇಳಿಗೆಮಣೆ ಕೇಳಿದಳು. ಕೂತುಕೊಂಡೇ ಸುಲಿದಳು, ಹೆಚ್ಚಿದಳು. ಕುದಿಸಿ ಬಸಿಯುವುದು ನನ್ನ ಕೆಲಸವಾಯಿತು. ಪಾತ್ರೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಗೋಡೆ ಹಿಡಿದು ಬಚ್ಚಲಿಗೆ ಹೋಗಿ, ಬಿಳಿ ನೀರನ್ನು ತಾನೇ ಚೆಲ್ಲಿದಳು.

ಕಿಡ್ನಿ ಮೊದಲಿನಂತಾಗುವುದಿಲ್ಲ. ಮಂಗಳವಾರ, ಶನಿವಾರ ಹಾಗೇ ಇವೆ. ಅಂದು ತಟ್ಟೆಗೆ ನಾನು ಎಣಿಸದೆ ಬಡಿಸಿದೆ. ನಾಲ್ಕು ತುಂಡು ತಿಂದು, ಉಳಿದದ್ದನ್ನು ಅವಳು ನನ್ನ ತಟ್ಟೆಗೆ ಹಾಕಿದಳು.