ಅತ್ತಿ ಇಂಗ್ಲಿಷಿನಲ್ಲಿ ಒಲ್ಲೆ ಅಂದ ದಿನ

ಇವತ್ತು ಚಿಕ್ಕೋಡಿ ಬಸ್‌ಸ್ಟ್ಯಾಂಡಿನಲ್ಲಿ ಶಾಲೆಯ ಹುಡುಗಿಯೊಬ್ಬಳು ಅಪ್ಪನಿಗೆ, "ಐ ಡೋಂಟ್ ಅಗ್ರೀ ಪಪ್ಪಾ" ಅಂದಳು. ನನಗೆ ಕಬ್ಬೂರಿನ ನಮ್ಮ ಪಡಸಾಲೆ ನೆನಪಾಯಿತು.

ಆ ಮನೆಯಲ್ಲಿ ಅಜ್ಜನ ಮಾತಿಗೆ ಕನ್ನಡದಲ್ಲಿ ಯಾರೂ 'ಇಲ್ಲ' ಅನ್ನುವಂತಿರಲಿಲ್ಲ. ಇಂಗ್ಲಿಷಿನಲ್ಲಿ ಅನ್ನಬಹುದಿತ್ತು. ಕಾಲೇಜು ಕಲಿತ ಕಾಕಾ ಅದನ್ನು ರೂಢಿ ಮಾಡಿದ್ದ. ಕಬ್ಬು ತೆಗೆದು ದ್ರಾಕ್ಷಿ ಹಚ್ಚುವ ಮಾತು ಬಂದಾಗ ಎದ್ದು ನಿಂತು, ಟೋಪಿ ತೆಗೆದು, "ಐ ಡೋಂಟ್ ಅಗ್ರೀ" ಅಂದಿದ್ದ. ಅಜ್ಜ ಮೀಸೆಯಲ್ಲೇ ನಕ್ಕು, "ಸಾಹೇಬ್ರು ಒಲ್ಲೆ ಅಂತಾರ, ಕೇಳ್ರಪಾ" ಅಂದಿದ್ದ.

ಗಂಡನ ಹೊಡೆತ ತಾಳದೆ ಅಜ್ಜನ ಮಗಳು, ನಮ್ಮ ಅತ್ತಿ, ತವರಿಗೆ ಬಂದಿದ್ದಳು. ಅವಳನ್ನು ಕರೆದೊಯ್ಯಲು ಗಂಡನ ಊರು ಅನಂತಪುರದಿಂದ ಅವಳ ಮಾವ ಬಂದರು.

"ಇನ್ನ ಕೈ ಎತ್ತೂದಿಲ್ರಿ ಅಂವ."

ಅಜ್ಜ ಕರಗಿದ. "ಆತ್ರಿ, ಕಳಸ್ತೀವಿ."

ಕಾಕಾ ಆ ದಿನ ಊರಲ್ಲಿರಲಿಲ್ಲ. ಚಹಾ ತಂದ ಅತ್ತಿ ಕಪ್ಪುಗಳನ್ನು ಕೆಳಗಿಟ್ಟಳು. ಹಿರಿಯರ ಮುಂದೆ ಎಂದೂ ಬಾಯಿ ತೆರೆಯದವಳು ಸೆರಗು ಸರಿ ಮಾಡಿಕೊಂಡು, ನಿಧಾನಕ್ಕೆ, "ಐ ಡೋಂಟ್ ಅಗ್ರೀ" ಅಂದಳು. ಅಷ್ಟು ಚೆಂದದ ಇಂಗ್ಲಿಷ್ ನಾನು ಮತ್ತೆ ಯಾರ ಬಾಯಲ್ಲೂ ಕೇಳಿಲ್ಲ. ಹತ್ತನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಬರುವುದೂ ಅದೊಂದೇ.

"ಏನಂತಾಳ್ರಿ ಈಕಿ?" ಮಾವ ಕೇಳಿದರು.

ಅಜ್ಜ ಈ ಸಲ ನಗಲಿಲ್ಲ. ಮಗಳ ಮುಖವನ್ನೇ ನೋಡುತ್ತ ಕೂತು, ಆಮೇಲೆ, "ಒಲ್ಲೆ ಅಂತಾಳ್ರಿ ಬೀಗರ. ಚಾ ಕುಡೀರಿ, ಆರಾಕತ್ತೈತಿ" ಅಂದ.

ಅತ್ತಿ ಮತ್ತೆ ಗಂಡನ ಮನೆಗೆ ಹೋಗಲಿಲ್ಲ. ಈಗ ನಮ್ಮ ಮನೆಗೆ ಅವಳೇ ಹಿರಿಯಳು. ಅವಳ ಮಾತಿಗೆ ನಾವು ಕನ್ನಡದಲ್ಲೇ 'ಇಲ್ಲ' ಅನ್ನುತ್ತೇವೆ. ಅವಳು ಕೈಲಿದ್ದ ಕೆಲಸ ಬಿಟ್ಟು, ಕೂತು, ಪೂರ್ತಿ ಕೇಳುತ್ತಾಳೆ.