ಎಡ ಎದೆಯ ಪದಕ

ಅರಸರೇ, ಅಂದು ನನಗೆ ಗೊತ್ತಿತ್ತು. ಪದಕವನ್ನು ಬಲಗಡೆ ಹಾಕಿಕೊಳ್ಳಬೇಕೆಂದು ಚೆನ್ನಾಗಿ ಗೊತ್ತಿದ್ದೂ ನಿಮಗೆ ಎಡಗಡೆ ಎಂದು ಹೇಳಿದೆ. ಹತ್ತು ವರ್ಷದಿಂದ ನೀವು ಅದನ್ನು ನನ್ನ ಅಜ್ಞಾನವೆಂದು ನಂಬಿದ್ದೀರಿ. ಅಲ್ಲ — ಅದು ಹೊಟ್ಟೆಕಿಚ್ಚು.

೧೯೮೬ರ ಆ ಯುಗಾದಿ ನಿಮಗೆ ನೆನಪಿರಬೇಕು. ಸಿಡ್ನಿಯ ವೆಸ್ಟ್‌ಮೀಡ್‌ನ ಶಾಲೆಯೊಂದರ ಹಾಲ್‌ನಲ್ಲಿ ಒಬ್ಬಟ್ಟಿನ ಊಟ ಮುಗಿದಿತ್ತು. ನೀವು ಕೋಟಿನ ಜೇಬಿನಿಂದ ನಿಮ್ಮ ತಂದೆಯ ಪದಕ ತೆಗೆದಿರಿ. ಮೊದಲ ಮಹಾಯುದ್ಧದಲ್ಲಿ ಮೈಸೂರು ಸಂಸ್ಥಾನದ ಕುದುರೆ ಪಡೆಯ ಜೊತೆ ಮರುಭೂಮಿಗೆ ಹೋಗಿ ಬಂದವರಿಗೆ ಬ್ರಿಟಿಷರು ಕೊಟ್ಟದ್ದು. ಬೆಳ್ಳಿಯದು. ಒಂದು ಕಡೆ ದೊರೆಯ ಮುಖ, ಇನ್ನೊಂದು ಕಡೆ ಕುದುರೆ ಏರಿದ ಮನುಷ್ಯ. ಅಂಚಿನಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ನಂಬರು, ಸವಾರ ಎಂಬ ಹುದ್ದೆ, ನಿಮ್ಮ ತಂದೆಯ ಹೆಸರು, ಪಡೆಯ ಹೆಸರು. ಅದು ಕೈಯಿಂದ ಕೈಗೆ ಹೋಯಿತು. ಡಾಕ್ಟರೊಬ್ಬರು ಕಣ್ಣಿಗೊತ್ತಿಕೊಂಡರು. “ಕುದುರೆ ಎಲ್ಲಿ ಪಾರ್ಕ್ ಮಾಡಿದೀರಿ ಅರಸ್?” ಎಂದು ಯಾರೋ ಕೇಳಿದಾಗ ಹಾಲ್‌ಗೆ ಹಾಲೇ ನಕ್ಕಿತು. ನಾನೂ ನಕ್ಕೆ — ನಕ್ಕಂತೆ ಮಾಡಿದೆ.

ಆ ಡಾಕ್ಟರು, ಇಂಜಿನಿಯರುಗಳ ನಡುವೆ ನಾನು ಹೈಸ್ಕೂಲು ಓದಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಮಡಿಸುತ್ತಿದ್ದವನು. ನೀವೂ ಲ್ಯಾಬಿನಲ್ಲಿ ಸಾಧಾರಣ ಕೆಲಸದವರೇ. ಹಾಗಾಗಿಯೇ ನಾವಿಬ್ಬರೂ ಯಾವಾಗಲೂ ಕೊನೆಯ ಸಾಲಿನಲ್ಲಿ ಜೊತೆಗೆ ಕೂರುತ್ತಿದ್ದೆವು. ಆ ಸಂಜೆ ಅವರು ನಿಮ್ಮನ್ನು ಮುಂದಿನ ಕುರ್ಚಿಗೆ ಕರೆದರು. ನನ್ನ ಪಕ್ಕದ ಕುರ್ಚಿ ಖಾಲಿಯಾಯಿತು.

ನಿಮಗೆ ತಿಳಿಯದ ಇನ್ನೊಂದು ಸಂಗತಿ ಇದೆ. ನನ್ನ ಬಳಿಯೂ ಅಂಥದೇ ಪದಕವಿತ್ತು. ಅದೇ ದೊರೆ, ಅದೇ ಕುದುರೆ, ಅಂಚಿನಲ್ಲಿ ಅದೇ ಪಡೆ. ತಿಕ್ಕಿ ತಿಕ್ಕಿ ಹುದ್ದೆಯ ಅಕ್ಷರ ಮಾತ್ರ ಸವೆದಿತ್ತು. ನನ್ನ ತಂದೆಯೂ ಸವಾರರೆಂದೇ ನಂಬಿ ಬೆಳೆದೆ, ಹೆಂಡತಿ ಮಕ್ಕಳಿಗೂ ಹಾಗೆಯೇ ಹೇಳಿದ್ದೆ. ಆ ಯುಗಾದಿಗೆ ಒಂದು ವರ್ಷ ಮೊದಲು, ಏಪ್ರಿಲ್‌ನಲ್ಲಿ ಹಳೆಯ ಸೈನಿಕರೂ ಅವರ ಮಕ್ಕಳೂ ಸೇರುವ ಮೆರವಣಿಗೆಯಲ್ಲಿ ನಡೆಯುವ ಆಸೆಯಿಂದ, ಹೊಸ ರಿಬ್ಬನ್ ಹಾಕಿಸಲು ಸಿಡ್ನಿಯ ಪದಕದ ಅಂಗಡಿಯೊಂದಕ್ಕೆ ಹೋದೆ. ಅಂಗಡಿಯ ಮುದುಕ ಭೂತಗನ್ನಡಿ ಹಿಡಿದು ಅಂಚನ್ನು ಓದಿದ. ಇದು ಕಂಚು, ಎಂದ. ಕಾದಾಡಿದವರಿಗೆ ಬೆಳ್ಳಿ, ಕುದುರೆ ತಿಕ್ಕಿದವರಿಗೆ, ಹೊರೆ ಹೊತ್ತವರಿಗೆ ಕಂಚು. ನಿನ್ನ ತಂದೆ ಲಾಯದ ಆಳು. ಅವನು ಮರ್ಯಾದೆಯಿಂದಲೇ ಹೇಳಿದ. ರಿಬ್ಬನ್ ಹೊಲಿದು ಕೊಡುತ್ತ ಇಲ್ಲಿನ ಪದ್ಧತಿಯನ್ನೂ ತಿಳಿಸಿದ — ತಾನೇ ಗಳಿಸಿದ್ದು ಎಡ ಎದೆಗೆ, ತಂದೆ ತಾತಂದಿರದ್ದು ಬಲ ಎದೆಗೆ. ಪರರ ಪದಕವನ್ನು ಎಡಕ್ಕೆ ಹಾಕಿಕೊಂಡವನನ್ನು ಹಳೆಯ ಸೈನಿಕರು ಕಳ್ಳನಂತೆ ಕಾಣುತ್ತಾರೆ.

ನಾನು ನಡೆಯಲಿಲ್ಲ. ಪದಕವನ್ನು ಕಾಲುಚೀಲಗಳ ಕೆಳಗೆ ತಳ್ಳಿದೆ. ನಿಮ್ಮ ತಂದೆ ಏರಿದ ಕುದುರೆಗೆ ನನ್ನ ತಂದೆ ಹುಲ್ಲು ಹಾಕಿರಬಹುದು ಎಂಬ ಯೋಚನೆ — ಅದರಲ್ಲಿ ನಾಚಿಕೆ ಪಡುವಂಥದ್ದೇನಿದೆ? ಈಗ ಕೇಳಿಕೊಳ್ಳುತ್ತೇನೆ. ಆಗ ಅದು ನನ್ನನ್ನು ಸುಡುತ್ತಿತ್ತು.

ಆ ಯುಗಾದಿ ಕಳೆದು, ಆ ವರ್ಷದ ಮೆರವಣಿಗೆಗೆ ಎರಡು ದಿನವಿದ್ದಾಗ ನೀವು ನನ್ನ ಫ್ಲ್ಯಾಟಿಗೆ ಬಂದಿರಿ.

“ಕೃಷ್ಣಪ್ಪ, ನೀವು ಪ್ರತಿ ವರ್ಷ ಹೋಗಿ ನೋಡ್ತೀರಲ್ಲ, ಇದನ್ನ ಯಾವ ಕಡೆ ಪಿನ್ ಮಾಡ್ಕೋಬೇಕು?”

“ಎಡಗಡೆ ಅರಸರೇ. ಎಲ್ಲರೂ ಎಡಗಡೆನೇ ಹಾಕೋದು.”

ನಾನು ತಡವರಿಸಲೂ ಇಲ್ಲ. ನೀವು ಥ್ಯಾಂಕ್ಸ್ ಹೇಳಿ ಕಾಫಿ ಕುಡಿದು ಹೋದಿರಿ. ಹೇಳಿದ ಮಾತನ್ನು ತಿದ್ದಲು ಎರಡು ದಿನವಿತ್ತು, ಮನೆಯಲ್ಲಿ ಫೋನಿತ್ತು.

ಆ ಬೆಳಿಗ್ಗೆ ನಾನು ಫುಟ್‌ಪಾತಿನ ಜನರ ನಡುವೆ ನಿಂತಿದ್ದೆ. ನೋಡಲೆಂದೇ ಬಂದಿದ್ದೆ — ಇದನ್ನೂ ಒಪ್ಪಿಕೊಳ್ಳುತ್ತೇನೆ. ಎದೆ ತುಂಬ ಪದಕವಿದ್ದ ಮುದುಕನೊಬ್ಬ ಸಾಲಿನಲ್ಲಿ ನಿಮ್ಮನ್ನು ತಡೆದು, ಯಾವ ಯುದ್ಧದಲ್ಲಿ ಹೋರಾಡಿದೆ ಎಂದು ಎಲ್ಲರಿಗೂ ಕೇಳುವಂತೆ ಕೇಳಿದ. ತಂದೆಯದು ಎಂದಿರಿ. ಹಾಗಾದರೆ ಎಡಗಡೆ ಏಕಿದೆ, ಯಾರು ಹೇಳಿದರು ಎಂದ. ನೀವು ಗುಂಪಿನಲ್ಲಿ ನನ್ನನ್ನು ನೋಡಿದಿರಿ. ನಮ್ಮ ನಡುವೆ ಹತ್ತು ಅಡಿ. ಯಾರೂ ಹೇಳಲಿಲ್ಲ, ತಪ್ಪು ನನ್ನದೇ ಎಂದಿರಿ. ಅವನು ಸಾಲು ಬಿಟ್ಟು ಹೋಗಲು ಕೈ ತೋರಿಸಿದ. ಕ್ಯಾಮೆರಾ ಹಿಡಿದು ನಿಂತಿದ್ದ ನಿಮ್ಮ ಮಗಳು ಸುಮಾ ನಿಮ್ಮ ತೋಳು ಹಿಡಿದೆಳೆದಳು.

“ಅಪ್ಪಾ, ಪ್ಲೀಸ್, ಜಸ್ಟ್ ಟೇಕ್ ಇಟ್ ಆಫ್.”

ಪಿನ್ ಕೋಟಿಗೆ ಸಿಕ್ಕಿಕೊಂಡಿತ್ತು. ಕೊನೆಗೆ ಬೆಳ್ಳಿ ಜೇಬಿಗೆ ಇಳಿದಾಗ ನನಗೆ ಸಂತೋಷವಾಯಿತು. ಹೌದು, ಸಂತೋಷ. ಅದು ಟ್ರೇನ್ ಹತ್ತುವವರೆಗೆ ಇತ್ತು. ಟ್ರೇನಿನಲ್ಲಿ ನೀವು ನನ್ನ ಪಕ್ಕದಲ್ಲೇ ಕೂತು, “ನಿಮಗೂ ಗೊತ್ತಿರಲಿಲ್ಲ ಬಿಡಿ” ಎಂದಿರಿ. ನಾನು ಕಿಟಕಿಯ ಕಡೆ ತಿರುಗಿದೆ.

ಮುಂದೆ ನೀವು ಮಗಳ ಜೊತೆ ಮೆಲ್ಬರ್ನಿಗೆ ಹೋದಿರಿ. ನಾಲ್ಕು ಸಲ ಅಲ್ಲಿನ ಕ್ಲೇಟನ್‌ನ ನಿಮ್ಮ ಮನೆಗೆ ಬಂದು ಉಂಡೆ, ಮಲಗಿದೆ, ಹೇಳದೆ ಮರಳಿದೆ. ಹೋದ ವಾರ ಫೋನಿನಲ್ಲಿ ನೀವು ನಗುತ್ತಲೇ ಹೇಳಿದಿರಿ — ಪದಕ ಸುಮಾಗೆ ಬೇಡವಂತೆ, ಅದನ್ನು ನೋಡಿದರೆ ಅವಳಿಗೆ ಇವತ್ತಿಗೂ ಮುಜುಗರವಂತೆ, ಯಾವುದಾದರೂ ಅಂಗಡಿಗೆ ಕೊಟ್ಟುಬಿಡುತ್ತೀರಂತೆ. ಆ ಮುಜುಗರ ನಾನು ಮಾಡಿದ್ದು, ಅರಸರೇ. ಅಪ್ಪ ತನಗಿಲ್ಲದ ದೊಡ್ಡಸ್ತಿಕೆ ತೋರಿಸಲು ಹೋದರೆಂದು ಅವಳು ಇಷ್ಟು ವರ್ಷ ತಿಳಿದಿದ್ದರೆ — ಆ ಸುಳ್ಳನ್ನೂ ನಾನೇ ಕೊಟ್ಟೆ.

ಶನಿವಾರದವರೆಗೆ ಪದಕ ಕೊಡಬೇಡಿ ಎಂದಷ್ಟೇ ಇವತ್ತು ಫೋನಿನಲ್ಲಿ ಹೇಳುತ್ತೇನೆ. ಈ ಕಾಗದವನ್ನು ನಾನು ಪೋಸ್ಟ್ ಮಾಡುವುದಿಲ್ಲ, ಶನಿವಾರ ನಿಮ್ಮ ಮನೆಗೆ ನಾನೇ ತರುತ್ತೇನೆ. ಸುಮಾಗೆ ಕನ್ನಡ ಓದಲು ಬರುವುದಿಲ್ಲ, ಆದರೆ ಕೇಳಿದರೆ ಅರ್ಥವಾಗುತ್ತದೆ. ಅವಳನ್ನು ಎದುರಿಗೆ ಕೂರಿಸಿಕೊಂಡು, ಒಂದು ಮಾತೂ ಬಿಡದೆ, ನಾನೇ ಗಟ್ಟಿಯಾಗಿ ಓದುತ್ತೇನೆ.