ಕೊನೆಯವರ ಹಿಂದೆ ಒಬ್ಬರು

ಚಡ್ಡಿ ಹಾಕಿಕೊಂಡ ಬಿಳಿಗಡ್ಡದ ಮುದುಕನೊಬ್ಬ ಸೈಕಲ್ ಮೇಲೆ ನನ್ನ ಬೆನ್ನು ಹತ್ತಿದ್ದ. ನಾನು ನಿಂತರೆ ಅವನೂ ನಿಲ್ಲುತ್ತಿದ್ದ, ತುಳಿದರೆ ಅವನೂ ತುಳಿಯುತ್ತಿದ್ದ. ಭಾನುವಾರ ಬೆಳಗ್ಗೆ ಮೀನು ತರಲು ಗೋವಾದ ಝುವಾರಿನಗರದಿಂದ ಸೈಕಲ್ ಹತ್ತಿ ಹೊರಟಿದ್ದೆ. ಗಂಟೆ ಬಾರಿಸುತ್ತ ಸೈಕಲ್ಲಿನವರ ಹಿಂಡೊಂದು ನನ್ನನ್ನು ದಾಟಿ ಹೋಯಿತು. ಇವನೊಬ್ಬ ಮಾತ್ರ ದಾಟಲೊಲ್ಲ. ದಾಬೋಲಿಮ್ ತಿರುವಿನಲ್ಲಿ ಇಳಿದು, ಬರುವ ಹರಕು ಹಿಂದಿಯಲ್ಲಿ ಚೆನ್ನಾಗಿ ಬೈದೆ.

"ಕೊನೆಯವರ ಹಿಂದೆ ಇರುವುದೇ ನನ್ನ ಕೆಲಸ, ಬಾಯಿ. ನೀವೂ ನಮ್ಮ ಗುಂಪಿನವರೇ ಅಂದುಕೊಂಡೆ" ಎಂದು ನಕ್ಕರು. ಅವರೇ ಆಗ್ನೆಲ್ ಅಂಕಲ್.

ಗುಂಪು ಎಲ್ಲಿಗೆ ಹೊರಟಿದೆ ಎಂದು ಕೇಳಿದೆ. ಸಮುದ್ರದವರೆಗೆ ಹೋಗಿ, ಚಹಾ ಕುಡಿದು, ಮತ್ತೆ ಇಲ್ಲಿಗೇ ವಾಪಸ್ ಅಂದರು. ದುಡ್ಡಿಲ್ಲ, ಪಂದ್ಯವಿಲ್ಲ, ಯಾರನ್ನೂ ಹಿಂದೆ ಬಿಡುವುದಿಲ್ಲ. ಮುದ್ದೇಬಿಹಾಳದ ಕಡೆಯ ನಮ್ಮೂರಿನಲ್ಲಿ ಹಾಲಿಗೋ, ಮೇವಿಗೋ, ಹಿಟ್ಟಿನ ಗಿರಣಿಗೋ ಸೈಕಲ್ ಹತ್ತುತ್ತಾರೆ. ಇಲ್ಲಿ ನಸುಕಿನಲ್ಲಿ ಹಾರ್ನ್ ಒತ್ತುತ್ತ ಬರುವ ಪೊದೇರ, ಅಂದರೆ ಪಾವ್ ಮಾರುವವನು, ತುಳಿಯುವುದೂ ಹೊಟ್ಟೆಗಾಗಿಯೇ. ಸುಮ್ಮನೆ ಹೋಗಿ ಸುಮ್ಮನೆ ಬರುವವರನ್ನು ಅದೇ ಮೊದಲು ನೋಡಿದ್ದು. ಹುಚ್ಚು ಮಂದಿ ಎನಿಸಿತು. ಮುಂದಿನ ಭಾನುವಾರ ನಾನೂ ಹೋದೆ.

ಗೋವಾ ಅಂದರೆ ಊರಿನವರ ಕಣ್ಣಿಗೆ ಕಟ್ಟುವುದು ಸಮುದ್ರ. ನನ್ನ ಗೋವಾ ಎಂದರೆ ತಗಡು ಹೊದೆಸಿದ ಒಂದು ಖೋಲಿ, ಪಕ್ಕದವರ ಕೆಮ್ಮು ಕೇಳುವ ಗೋಡೆ, ಓಣಿಗೆಲ್ಲ ಒಂದೇ ನಲ್ಲಿ. ಯಜಮಾನರು ಟೆಂಪೊ ಹೊಡೆಯುತ್ತ ವಾರಗಟ್ಟಲೆ ಹೊರಗಿರುತ್ತಾರೆ. ನೀರು ಬೆಳಗ್ಗೆ ಎಂಟರ ಸುಮಾರಿಗೆ ಬಂದು, ನೋಡನೋಡುತ್ತ ನಿಂತುಬಿಡುತ್ತದೆ. ಪಾಳಿಯಲ್ಲಿ ಕೊಡ ಇಟ್ಟರೆ ಸಾಲದು, ಕೊಡದ ಹಿಂದೆ ಮನುಷ್ಯರೂ ನಿಂತಿರಬೇಕು. ಹಾಗಾಗಿ ಪ್ರತಿ ಸಲವೂ ಸಮುದ್ರದ ಕಡೆಗೆ ಇಳಿಜಾರು ಶುರುವಾಗುವಲ್ಲಿ ನಾನು ಸೈಕಲ್ ತಿರುಗಿಸುತ್ತಿದ್ದೆ. ಉಪ್ಪುಗಾಳಿ ಮುಖಕ್ಕೆ ಬಡಿಯುತ್ತಿತ್ತು, ನೀರು ಮಾತ್ರ ಕಾಣುತ್ತಿರಲಿಲ್ಲ. ಗೂಟಕ್ಕೆ ಕಟ್ಟಿದ ಎಮ್ಮೆಯದೂ ನನ್ನದೂ ಒಂದೇ ತಿರುಗಾಟ ಎಂದು ಸಿಟ್ಟು ಬರುತ್ತಿತ್ತು.

ಕೊನೆಯವಳು ನಾನೇ ಆದ್ದರಿಂದ ಅಂಕಲ್ಲೂ ನನ್ನೊಂದಿಗೆ ತಿರುಗುತ್ತಿದ್ದರು. ನಾನು ಬಂದಾಗಿನಿಂದ ಅವರು ಗುಂಪಿನ ಚಹಾ ಕುಡಿದಿಲ್ಲ ಎಂದು ಯಾರೋ ಹೇಳಿದಾಗ ನಾಚಿಕೆಯಾಯಿತು. ನನ್ನ ಹಗ್ಗಕ್ಕೆ ಅವರನ್ನೂ ಕಟ್ಟಿದ್ದೆ. ಇನ್ನು ಹೋಗುವುದಿಲ್ಲ ಎಂದು ಪಕ್ಕದ ಖೋಲಿಯ ಮಾಬೂಬಿಗೆ ಹೇಳಿದೆ. ಅವಳು ಸಿಂದಗಿ ಕಡೆಯವಳು, ಗಂಡನಿಗೆ ಬಂದರಿನಲ್ಲಿ ಕೂಲಿ.

"ಅಯ್ಯ, ಇಷ್ಟಕ್ಕ ಬಿಡ್ತಿಯೇನ ನೀಲಕ್ಕಾ? ಈ ಐತವಾರ ನಿನ್ನ ಕೊಡದ ಹಿಂದ ನಾ ನಿಂದರ್ತೇನಿ. ಹೋಗಿ ಬಾ."

ಇಳಿಜಾರು ಇಳಿದೆ. ಸಮುದ್ರ ನೋಡಿದೆ. ಅಂಕಲ್ ಎರಡು ಕಪ್ ಚಹಾ ಕುಡಿದರು. ಖುಷಿಯಾಯಿತು, ಸುಳ್ಳೇಕೆ ಹೇಳಲಿ? ಆದರೆ ಎದುರಿಗೆ ಅಷ್ಟು ನೀರಿದ್ದರೂ ನನ್ನ ಜೀವವೆಲ್ಲ ನಲ್ಲಿಯ ಮುಂದಿನ ಕೊಡಗಳಲ್ಲಿತ್ತು. ನಿಮ್ಮೂರು ಯಾವುದು ಎಂದು ಒಬ್ಬಾಕೆ ಕೇಳಿದಳು. ಝುವಾರಿನಗರ ಅಂದುಬಿಟ್ಟೆ. ಹುಟ್ಟಿದೂರು ಬಾಯಿಗೆ ಬರಲಿಲ್ಲವಲ್ಲ ಎಂದು ವಾಪಸ್ ಏರು ಹತ್ತುವಷ್ಟು ಹೊತ್ತೂ ಸಂಕಟಪಟ್ಟೆ.

ಮನೆ ಮುಂದೆ ನನ್ನ ಕೊಡಗಳು ತುಂಬಿ ನಿಂತಿದ್ದವು. ಮಾಬೂಬಿ ಒದ್ದೆ ಸೆರಗು ಹಿಂಡುತ್ತಿದ್ದಳು.

"ಮುಂದಿನ ಐತವಾರ ನೀ ನಿಂದರಬೇಕು. ಸೈಕಲ್ಲೂ ಕೊಡಬೇಕು. ನಾನೂ ನೋಡಬೇಕಾಗೇತಿ."

"ನಿನಗ ಸೈಕಲ್ ಹೊಡ್ಯಾಕ ಬರ್ತೈತೇನ?"

"ಸಣ್ಣಾಕಿ ಇದ್ದಾಗ ಅಣ್ಣನ ಸೈಕಲ್ ಹೊಡ್ದೇನಿ. ಬೀಳೂದಂತೂ ಚಲೋ ಬರ್ತೈತಿ."

ಆ ಭಾನುವಾರ ನೀರು ಬರುವ ಮೊದಲೇ ಎರಡೂ ಮನೆಯ ಕೊಡಗಳ ಹಿಂದೆ ನಾನು ನಿಂತಿದ್ದೆ. ರಸ್ತೆಯಲ್ಲಿ ಗಂಟೆಗಳು ಕೇಳಿದವು. ಎಲ್ಲರ ಕೊನೆಗೆ ಮಾಬೂಬಿ ಓಲಾಡುತ್ತ ಹೋದಳು, ಅವಳ ಹಿಂದೆ ಅಂಕಲ್. "ಸವಕಾಸ್, ಸವಕಾಸ್" ಎಂದು ಅವಳಿಗೆ ಕೊಂಕಣಿಯಲ್ಲಿ ಹೇಳುತ್ತಿದ್ದರು, ನಮ್ಮ ಸಾವಕಾಶವೇ ಅದು. ನನ್ನನ್ನು ಕಂಡು ಗಂಟೆ ಬಾರಿಸಿದರು. ಕೈ ಎತ್ತುವಷ್ಟರಲ್ಲಿ ಹಿಂದಿನಾಕೆ "ಮುಂದ ಸರೀರಿ" ಎಂದು ಕೂಗಿದಳು. ಕೊಡ ಸರಿಸಿದೆ.

"ಗೋವಾ ಚಲೋ ಐತೇನವಾ?" ಎಂದು ಅವ್ವ ಫೋನಿನಲ್ಲಿ ಕೇಳುತ್ತಾಳೆ.

"ಒಂದ್ ವಾರ ಬಿಟ್ಟು ಒಂದ್ ವಾರ ಚಲೋ ಐತಿ ಬೇ" ಅನ್ನುತ್ತೇನೆ.